ಪೈಲಾ ಗೇರ್

ಹದಿನಾರು ವರ್ಷ ಗಂಜಿನಾಗ ತೊಗರಿ ನೋಡೀನಿ.
ಒಂದು ಕಾಳು ಹಲ್ಲಿಗಿಟ್ಟು ಕಡಿದ್ರ ಸಾಕು,
ಹಸಿ ಎಷ್ಟು, ಒಣಗಿದ್ದೆಷ್ಟು,
ಚೀಲದ ಬಾಯಾಗ ಛಲೋದು ತೋರಿಸಿ
ತಳದಾಗ ಏನು ತುಂಬ್ಯಾರ, ಹೇಳತೀನಿ.
ಗಾಡಿಗೆ ಹಲ್ಲು ಹಚ್ಚೂದು ಹೆಂಗ?

ಹುಮನಾಬಾದ್ ಬೇಸಿನ ಬಾಜೂಕ ಜೀಲಾನಿಯ ಅಂಗಡಿ.
ಶಹಾಬಾದಿ ಪರಸಿ ಮ್ಯಾಲ ಮೂರು ಗಾಡಿ,
ಮೂರೂ ಒಂದೇ ಕಡೀಗ ತಲಿ ವಾಲಿಸಿ
ಕನ್ಯಾ ನೋಡ್ಲಾಕ ಬಂದವರ ಮುಂದ ಕುಂತಂಗ.
ನಾನೂ ಒಮ್ಮೆ ಹಂಗ ಕುಂತಾಕಿ.
ನಡಸಿ ನೋಡಿದ್ರು, ಹಾಡಿಸಿ ನೋಡಿದ್ರು.
ಇವತ್ತು ನೋಡಾಕಿ ನಾನು.

“ಯಾರಿಗ್ರಿ ಅಕ್ಕೋರೆ? ಮಾಲಕರಿಗೋ, ಮಗನಿಗೋ?”
“ನನಗ.”
ಜೀಲಾನಿಯ ಕೈಯಾಗಿಂದ ಒರೆಸೋ ಅರಿವಿ ಜಾರಿತು.
“ಸ್ಕೂಟಿ ತೋರಸ್ಲ್ಯಾ?”
“ಫರತಾಬಾದ ಕಡೀ ಹೊಲದ ದಾರಿ ನೋಡೀಯೇನಪ?
ರಾಶಿ ಕಣಕ್ಕ ಹೋಗಿ ಮಾಲು ನೋಡಬೇಕು ನಾನು.
ಕರಿ ಮಣ್ಣು ಸಣ್ಣ ಗಾಲೀನ ನುಂಗ್ತದ.”

ಮೊದಲನೇದು ಕೆಂಪು. ಟಾಕಿಯಾಗ ಮುಖ ಕಾಣಸ್ತದ.
ಮೀಟರ್ ಹೇಳ್ತದ ಹದಿನೆಂಟು ಸಾವಿರ,
ಬ್ರೇಕಿನ ಪೆಡಲ್ ಬ್ಯಾರೇನೇ ಹೇಳ್ತದ:
ಗೆರಿ ಎಲ್ಲಾ ಸವೆದು ನುಣ್ಣಗ,
ಅಜ್ಜಿ ಕೈಯಾಗಿನ ಒನಕಿಯಂಗ.
ಚೀಲದ ಬಾಯಿ, ಚೀಲದ ತಳ.
ಸಾಕಾತು.

ಎರಡನೇದು ಬುಲೆಟ್ಟು.
ಮೈದುನ ಅಂಬಾರಾಯಗ ಅದೇ ಬೇಕು.
ಸಲಹೆ ಕೊಡ್ಲಾಕ ಬಂದಾವ,
ಸೈಕಲ್ ಬಿಟ್ಟು ಏನೂ ಓಡಿಸಿದಾವಲ್ಲ.
“ವೈನಿ, ಮರ್ಯಾದಿ ಅಂದ್ರ ಇದರದು.”
ಸ್ಟ್ಯಾಂಡ್ ತೆಗೆದೆ.
ಮರ್ಯಾದಿ ನನ್ನ ಮ್ಯಾಲ ಬಿತ್ತು.
ಇಬ್ಬರೂ ಓಡಿ ಬಂದು ಎತ್ತಿದ್ರು,
ಮೊದಲು ಗಾಡಿ, ಆಮ್ಯಾಲ ನನ್ನ.

ಮೂರನೇದು ಕರಿದು, ನೂರು ಸೀಸಿ.
ಎಡಕ್ಕ ಉದ್ದನ್ನ ಗೀರು, ಬಣ್ಣ ಬಳಿದು ಮುಚ್ಚಿರಲಿಲ್ಲ.
ಅದನ್ನ ನೋಡೇ ಅರ್ಧ ನಂಬಿಕಿ ಬಂತು.
ಕುಂತೆ. ಎರಡೂ ಅಂಗಾಲು ಪರಸಿಗೆ ಹತ್ತಿದವು,
ಹಿಮ್ಮಡಿ ಸುದ್ದಾ.
ಇಂಜಿನ್ನಿಗೆ ಕೈ ಇಟ್ಟೆ, ತಣ್ಣಗಿತ್ತು.
“ಮುಂಜಾನೇ ಕಾಸಿ ಇಟ್ಟಿಲ್ಲಲ?”
ಜೀಲಾನಿ ನಕ್ಕ. “ಇದೆಲ್ಲಾ ಯಾರು ಕಲಿಸಿದ್ರು?”
“ನಿನ್ನೀ ಚಾ ಕಾಸಿ ಕೊಡಾವರು.”
ಮೂರನೇ ಕಿಕ್ಕಿಗೆ ಎದ್ದಿತು,
ಬೀಸೂಕಲ್ಲಿಗೆ ಜ್ವಾಳ ಸುರುವಿದಂಗ ಸಪ್ಪಳ,
ನಡುವ ಎಲ್ಲೂ ಮುಗ್ಗರಿಸಲಿಲ್ಲ.
ಹೊಗಿಯಾಗ ನೀಲಿ ಇಲ್ಲ.

ಟೂಲ್ ಡಬ್ಬಿಯಾಗ ಒಂದು ಚೀಟಿ ಸಿಕ್ತು.
ಎಣ್ಣಿ ಬದಲಿಸಿದ ತಾರೀಕು, ಪೆನ್ಸಿಲಿನಾಗ, ಹನ್ನೊಂದು ವರ್ಷದ್ದು.
ಕಮಲಾಪುರದ ಸಾಲಿ ಜವಾನನ ಕೈಬರಹ,
ಕಣ್ಣು ಮಂಜಾಗಿ ಮಾರ್ಯಾನಂತ.
ಕಡೀ ಸಾಲು ತಾರೀಕಲ್ಲ:
“ಥಂಡಿಯಾಗ ಚೋಕ್ ಎಳೀರಿ. ಬೈಬ್ಯಾಡ್ರಿ.”
ರೇಟು ಇಳಸೂದೇ ಮರತೆ.
ಆಮ್ಯಾಲ ನೆನಪಾಗಿ
ಹದಿನೈದು ನೂರು ಇಳಿಸಿದೆ.

ಎಂಎಸ್‌ಕೆ ಮಿಲ್ಲಿನ ಬಯಲಾಗ ಹನ್ನೆರಡು ದಿನ ಕಲ್ತದ್ದು
ರೋಡಿಗೆ ಬಂದ್ರ ಒಂದೂ ನೆನಪಿಲ್ಲ.
ಬ್ರಹ್ಮಪುರದ ತನಕ ಪೈಲಾ ಗೇರಿನಾಗೇ ಬಂದೆ.
ಗಾಡಿ ಒದರ್ತಿತ್ತು, ನಾ ಬೆವರ್ತಿದ್ದೆ.
ಆಟೋದಾಂವ ಕೂಗಿದ, “ಅರೆ ಅಮ್ಮಾ, ದುಸ್ರಾ ಡಾಲೋ!”
ಒಂದು ಎಮ್ಮಿ ನನ್ನ ದಾಟಿ ಹೋತು,
ತಿರುಗಿ ಸುದ್ದಾ ನೋಡಲಿಲ್ಲ.
ಅಂಬಾರಾಯ ಹಿಂದ ಕೂಡಲೊಲ್ಲ,
ಬಾಜೂಕ ನಡಕೋತ ಬಂದ,
ನಡುನಡುವ ನಿಂತು ನನ್ನ ಸಲುವಾಗಿ ಕಾದ.

ಮನೀ ಮುಂದ ನ್ಯೂಟ್ರಲ್ ಸಿಗವಲ್ದು.
ಮ್ಯಾಲೆತ್ತಿದ್ರ ಎರಡು, ಕೆಳಗೊತ್ತಿದ್ರ ಒಂದು.
ನಡುವ ಎಲ್ಲೋ ಅದ ಅಂತಾರ.
ಸಿಟ್ಟು ಬಿಟ್ಟು ಬೆರಳ ತುದೀಲೆ ಮೆಲ್ಲಕ ಒತ್ತಿದೆ,
ಹಸಿರು ಚುಕ್ಕಿ ಹತ್ತಿತು.
ಓಣಿ ಹುಡುಗರು ಕೂಡ್ಯಾರ. ನಾ ಇಳಿಲಿಲ್ಲ.
“ಜಗದೇವತ್ತಿ, ಬಂದ್ ಮಾಡಂಗಿಲ್ಲೇನು?”
“ತಡೀರಿ,” ಅಂದೆ,
“ಕಾಳು ಇನ್ನಾ ಹಲ್ಲಾಗ ಅದ.”