ರೈಟ್ರ ಕಿವಿ

ಆನೆ ಬಂದರೆ ಹೇಳಲಿಕ್ಕೆಂದು ಕೊಟ್ಟ ಸೆಟ್ಟು ಅದು.
ಸಿದ್ದಾಪುರದಿಂದ ಈಚೆ, ನಮ್ಮ ತೋಟದಲ್ಲಿ
ಲೈನುಮನೆಗೊಂದು, ಗೇಟಿಗೊಂದು, ಪಲ್ಪರ್ ಮನೆಗೊಂದು.
ಗುಂಡಿ ಒತ್ತಿ, 'ಮೂರು ಇದ್ದಾವೆ, ಮರಿ ಒಂದು,
ಹಲಸಿನ ಮರದ ಹತ್ತಿರ.' ಅಷ್ಟೇ ಕೆಲಸ.

ಆದರೆ ಆನೆ ದಿನಾ ಬರುವುದಿಲ್ಲ.
ಮಾತು ದಿನಾ ಬರುತ್ತದೆ.

ಗಮ್‌ಬೂಟು ತೂತು ಎಂದರು. ಕೊಯ್ಲಿನ ತೂಕದಲ್ಲಿ
ಚೀಲಕ್ಕೆ ಎರಡು ಕಿಲೋ ಎಲ್ಲಿ ಹೋಗುತ್ತದೆ ಎಂದರು.
ರಾತ್ರಿ ಪಾಳಿಯ ಚುಬ್ಬ, ನಿದ್ದೆ ತಡೆಯಲಿಕ್ಕೆ,
ಮೇನೇಜರು ಕೆಮ್ಮುವ ಹಾಗೇ ಕೆಮ್ಮಿ ನಗಿಸಿದ.
ಬೆಳಿಗ್ಗೆ ಮಸ್ಟರಿನಲ್ಲಿ ಮೇನೇಜರು ಕೆಮ್ಮಲಿಲ್ಲ,
ಚುಬ್ಬನ ಹೆಸರು ಕರೆಯಲಿಲ್ಲ.

ಆಫೀಸಿನ ಪೆಟ್ಟಿಗೆ ಎಲ್ಲವನ್ನೂ ಹಿಡಿದಿಡುತ್ತದೆ.
ಸಂಜೆ ಆರರಿಂದ ಎಂಟು, ಅದನ್ನು ಕೇಳಿ
ಉದ್ದ ಪುಸ್ತಕಕ್ಕೆ ಇಳಿಸುವವನು ನಾನು.
ಕಾಲಮ್ಮು ನಾಲ್ಕು: ಹೊತ್ತು, ಹೆಸರು, ಮಾತು, ಷರಾ.
ಗೆರೆ ಎಳೆದವನೂ ನಾನೇ.
ಅಕ್ಷರ ದುಂಡಗಿದೆ ಎಂದು ಸಿಕ್ಕಿದ ಕೆಲಸ.

ವಿರಾಜಪೇಟೆಯ ವಕೀಲರು ದೇಚಮ್ಮ ಕೇಳಿದರು:
'ಸೆಟ್ಟು ಯಾರದ್ದು?' ತೋಟದ್ದು.
'ಬ್ಯಾಟರಿ?' ತೋಟದ್ದು.
'ಮಾತು?'
ನಾನು ಫ್ಯಾನು ನೋಡಿದೆ.
ಸರ್ಕಾರ ಕದ್ದು ಕೇಳಬೇಕಾದರೆ ಇಂಥವರ ಸಹಿ,
ಇಂಥ ಕಾರಣ, ಇಷ್ಟು ದಿನ ಎಂದೆಲ್ಲ ಬರೆದಿದೆಯಂತೆ.
ಧಣಿ ಕೇಳಿದರೆ?
'ಬೇಲಿ ಆ ಕಡೆ ಗಟ್ಟಿ ಇದೆ ರೈಟ್ರೇ. ಈ ಕಡೆ
ವಾದ ಮಾಡಬಹುದು. ಅವರೂ ಮಾಡಬಹುದು.
ಅದಿರಲಿ, ದೂರು ಯಾರದ್ದು? ನಿಮ್ಮದಾ?
ನೀವು ಕೇಳಿದವರಲ್ಲವಾ?'
ಫೀಸು ಮುಟ್ಟಲಿಲ್ಲ. ಬಸ್ಸಿಗೆಂದು
ಎರಡು ಕಿತ್ತಳೆ ಕೊಟ್ಟರು. ಹುಳಿ.

ಲೈನಿನವರಿಗೆ ಹೇಗೋ ಗೊತ್ತಾಯಿತು.
ಒಂದು ವಾರ ಬರೀ ಗರಗರ. ಆಮೇಲೆ
ತಮ್ಮ ಯರವ ಮಾತಿನಲ್ಲೇ ಶುರುಮಾಡಿದರು,
ನಗುವೂ ಆ ಭಾಷೆಯದ್ದೇ.
'ಅರ್ಥವಾಗಲಿಲ್ಲ' ಎಂದು ಷರಾ ಹಾಕಿದೆ,
ಹನ್ನೊಂದು ಸಾಲು, ಒಂದರ ಕೆಳಗೊಂದು, ದುಂಡಗೆ.

ನಿನ್ನೆ ಏಳೂ ಮುಕ್ಕಾಲಿಗೆ, ಮೇಜಿನ ಸೆಟ್ಟಿನಿಂದ,
ಸ್ಪಷ್ಟ ಕನ್ನಡದಲ್ಲಿ ಕರ್ಪಿಯ ದನಿ:
'ರೈಟ್ರೇ, ಊಟ ಆಯ್ತಾ?'

ಹೊತ್ತು ಬರೆದೆ. ಹೆಸರು ಬರೆದೆ.
ಮಾತಿಗೆ ಬಂದು ಪೆನ್ನು ನಿಂತಿತು.
ಹೆಬ್ಬೆರಳು ಯಾವಾಗ ಗುಂಡಿ ಒತ್ತಿತೋ,
'ಇನ್ನೂ ಇಲ್ಲ ಕರ್ಪೀ' ಎಂದಿದ್ದೆ.

ಪೆಟ್ಟಿಗೆಯ ಕೆಂಪು ದೀಪ ಒಮ್ಮೆ ಮಿಣುಕಿ ಸುಮ್ಮನಾಯಿತು.
ನಾಳೆ ಆರಕ್ಕೆ ಅದನ್ನು ಇಳಿಸಬೇಕಾದವನು ನಾನೇ.
ಹೆಸರಿನ ಕಾಲಮ್ಮು ಕಿರಿದು. ಅಳೆಯುವಾಗ
ನನ್ನ ಹೆಸರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.