ಬಹುದು, ತಕ್ಕದ್ದು

ವೆಲಿಂಗ್ಟನ್ನಿನ ಗಾಳಿಗೆ ಈ ಕಿಟಕಿ ತೆರೆಯುವಂತಿಲ್ಲ,
ತೆರೆದರೆ ಮಸೂದೆ ಹಾರುತ್ತದೆ.
ಹಾಸ್ಯ ನನ್ನದಲ್ಲ, ನನಗಿಂತ ಮೊದಲು
ಈ ಕುರ್ಚಿಯಲ್ಲಿದ್ದವಳು ಚೀಟಿಯಲ್ಲಿ ಬರೆದು ಅಂಟಿಸಿ ಹೋದದ್ದು.

ನಾನು ಸಮಿತಿಯ ಗುಮಾಸ್ತ.
ಮತ ಹಾಕುವವನಲ್ಲ, ಎಣಿಸುವವನು.
ಹನ್ನೊಂದು ಲೋಟ ನೀರು, ಹನ್ನೊಂದು ಹೆಸರುಫಲಕ,
ಗಡಿಯಾರ ಒಂದು.

ಮಸೂದೆ ಸಣ್ಣದು, ಹದಿನೇಳು ಖಂಡ.
ಬೆಟ್ಟದ ಪೈನ್ ತೋಪು ಕಡಿದಾದ ಮೇಲೆ
ಉಳಿದ ರೆಂಬೆ, ಬೊಡ್ಡೆ, ಮುರುಕು ದಿಮ್ಮಿಗಳನ್ನು
ಕಂಪನಿಯು ಇಳಿಜಾರಿನಿಂದ ತೆಗೆಯಬಹುದು
ಎನ್ನುತ್ತಿತ್ತು ಒಂಬತ್ತನೆಯ ಖಂಡ.
ಸದನದಲ್ಲಿ ಮೊದಲ ಓದು ಮುಗಿಸಿ
ಆರು ತಿಂಗಳ ಗಡುವು ಕಟ್ಟಿ
ನಮ್ಮ ಮಡಿಲಿಗೆ ಹಾಕಿದರು.

ಸಲ್ಲಿಕೆಗಳು ಬಂದವು, ಮುನ್ನೂರ ಆರು.
ವಕೀಲರವು ದಪ್ಪ, ನಾಲ್ಕಂಚೂ ಸಮ.
ಶಾಲೆಯೊಂದರದು ಕ್ರೇಯಾನಿನಲ್ಲಿ,
ಅದರಲ್ಲೊಂದು ಹಾವುಮೀನು ಅಳುತ್ತಿತ್ತು.
ಹೆಸರಿಲ್ಲದ ಒಂದರಲ್ಲಿ ‘ಎಲ್ಲರೂ ಕಳ್ಳರು’, ಅಷ್ಟೆ.
ಅದಕ್ಕೂ ಸಂಖ್ಯೆ ಕೊಟ್ಟೆ. ಸಂಖ್ಯೆ ಕೊಡುವುದರಲ್ಲಿ
ಭೇದ ಮಾಡಿದವನಲ್ಲ ನಾನು.

ವಿಚಾರಣೆಗೆ ನಾವೇ ಹೋದೆವು ಪೂರ್ವ ಕರಾವಳಿಗೆ.
ರಗ್ಬಿ ಕ್ಲಬ್ಬಿನ ಹಜಾರ, ಗೋಡೆ ತುಂಬ ಗೆದ್ದ ವರ್ಷಗಳ ತಂಡಗಳು,
ಕೈಕಟ್ಟಿ ನಿಂತು ನಮ್ಮನ್ನೇ ನೋಡುವ ಮೀಸೆಗಳು.
ಮಾತಿಗೆ ಐದು ನಿಮಿಷ, ಪ್ರಶ್ನೆಗೆ ಐದು.

ಇನ್ನೂರ ಹದಿನಾಲ್ಕು: ಮೆರೇಪೆಕಾ ವೈಹಾಪೆ,
ಶಾಲೆಯ ಬಸ್ಸು ಓಡಿಸಿ ನಿವೃತ್ತಳು.
ತನ್ನ ಬೆಟ್ಟದ ಹೆಸರು, ತನ್ನ ನದಿಯ ಹೆಸರು,
ದೋಣಿಯಲ್ಲಿ ಬಂದಿಳಿದ ಹಿರಿಯರ ಹೆಸರು
ಹೇಳುವುದಕ್ಕೇ ಹೋಯಿತು ಮೊದಲ ಮೂರು ನಿಮಿಷ.
ಅಧ್ಯಕ್ಷೆ ನನ್ನತ್ತ ನೋಡಿದರು.
ನಾನು ಗಡಿಯಾರ ಬೋರಲಿಟ್ಟೆ.

ಆಮೇಲೆ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು
ಮೊಳದುದ್ದದ ದಿಮ್ಮಿ ತುಂಡು, ಉಪ್ಪು ಕುಡಿದು ಬೆಳ್ಳಗಾದದ್ದು.
‘ನಮ್ಮ ಸೇತುವೆ ಒಡೆದವರಲ್ಲಿ ಇವನೊಬ್ಬ.
ಉಳಿದವರು ದಡದಲ್ಲಿ ಮಲಗಿದ್ದಾರೆ,
ಬೇಕಾದರೆ ಕರೆಸಿ ಕೇಳಿ.’
ಯಾರೋ ನಕ್ಕರು. ಆಕೆ ನಗಲಿಲ್ಲ.
‘ಇಪ್ಪತ್ತಾರು ವರ್ಷ ಬಸ್ಸು ಓಡಿಸಿದೆ.
ಮಕ್ಕಳು ಇಳಿಯುವಾಗ ನಿಲ್ಲಿಸಬಹುದು
ಅಂತ ಯಾರೂ ನನಗೆ ಹೇಳಲಿಲ್ಲ.’

ಮರಳಿ ಬಂದು ಖಂಡ ಖಂಡವಾಗಿ ಕೂತೆವು.
ಇಲಾಖೆಯವರು ವೆಚ್ಚದ ಕೋಷ್ಟಕ ತಂದರು.
ಸದಸ್ಯರೊಬ್ಬರು ‘ಸಾಧ್ಯವಾದ ಮಟ್ಟಿಗೆ’ ಸೇರಿಸೋಣವೆಂದರು,
ಆ ಎರಡು ಪದದ ಮೇಲೆ ಎರಡು ಮಧ್ಯಾಹ್ನ ಕಳೆದವು,
ಬಿಸ್ಕತ್ತು ಮುಗಿದವು, ಪದಗಳು ಬಿದ್ದವು.
ಕೈ ಎತ್ತಿದರು. ಎಣಿಸಿದೆ. ಆರು, ಐದು.
ಇನ್ನೊಮ್ಮೆ ಎಣಿಸಿದೆ.

ವರದಿ ಬರೆಯುವವನು ನಾನೇ.
ಆಕೆಯ ಐದು ನಿಮಿಷ (ನಿಜಕ್ಕೆ ಒಂಬತ್ತು)
‘ಕೆಲವು ಸಲ್ಲಿಕೆದಾರರು ಕಳವಳ ವ್ಯಕ್ತಪಡಿಸಿದರು’ ಆಯಿತು.
ಬೆಟ್ಟವಿಲ್ಲ, ಬಸ್ಸಿಲ್ಲ, ಉಪ್ಪಿಲ್ಲ.
ಇದಕ್ಕಿಂತ ಹೆಚ್ಚು ಬರೆಯುವ ಹಕ್ಕು ನನಗಿಲ್ಲ,
ಕಡಿಮೆ ಬರೆಯುವ ಧೈರ್ಯವೂ.

ಆದರೆ ಹಿಂದಿನ ಪುಟಗಳಲ್ಲಿ, ಒಂಬತ್ತನೆಯ ಖಂಡದಲ್ಲಿ,
ತೆಗೆಯಬಹುದು ಎಂಬುದರ ನಡುವೆ ಹಾದ ಗೆರೆ,
ತೆಗೆಯತಕ್ಕದ್ದು ಎಂಬುದರ ಅಡಿಗೆ ಇನ್ನೊಂದು,
ಅಂಚಿನಲ್ಲಿ ಇರುವೆಯಷ್ಟು ಅಕ್ಷರ: ಬಹುಮತದಿಂದ.
ಸೋತ ಐವರ ಭಿನ್ನಾಭಿಪ್ರಾಯ ಕೊನೆಯಲ್ಲಿ,
ನನ್ನ ಗದ್ಯಕ್ಕಿಂತ ಚೆನ್ನಾಗಿದೆ.

ದಿಮ್ಮಿ ಮಾತ್ರ ಉಳಿಯಿತು.
‘ಸಲ್ಲಿಕೆ ೨೧೪ಕ್ಕೆ ಅನುಬಂಧ: ಮರ, ಒಂದು’ ಎಂದು ದಾಖಲಿಸಿ
ಪತ್ರಾಗಾರಕ್ಕೆ ಕಳಿಸಿದೆ. ಮೂರನೆಯ ದಿನ ವಾಪಸು.
ಪೆಟ್ಟಿಗೆಗೆ ಹಿಡಿಸದು, ಹುಳು ಇರಬಹುದು.

ಈಗದು ನನ್ನ ಬಾಗಿಲಿಗೆ ಆನಿಕೆ.
ಎರಡನೆಯ ಓದು ಪಟ್ಟಿಯಲ್ಲಿ ಮೂವತ್ತೊಂದನೆಯದು,
ಚುನಾವಣೆ ಅದಕ್ಕಿಂತ ಮೊದಲೇ ಬರಬಹುದು.
ಪೂರ್ವ ಕರಾವಳಿಯಲ್ಲಿ ಗುರುವಾರ ಭಾರಿ ಮಳೆಯಾಗಬಹುದು,
ಅನ್ನುತ್ತಿದೆ ರೇಡಿಯೋ.