ಬಜೆಯಲ್ಲಿ, ಬಿಸುವಿಗೆ ಮೊದಲು

ಮಂಡಿ ಬದಲಿಸಿದ ಡಾಕ್ಟರು ದಿನಕ್ಕೆ ಇಷ್ಟು ಹೆಜ್ಜೆ ಎಂದು
ಚೀಟಿಯಲ್ಲಿ ಬರೆದು ಕೊಟ್ಟಿದ್ದರು.
ಜನವರಿಯಲ್ಲಿ ಗೇಟಿನಿಂದ ಮೊದಲ ಗೇರುಮರದವರೆಗೆ,
ಫೆಬ್ರವರಿಯಲ್ಲಿ ಪಂಪ್‌ಹೌಸಿನವರೆಗೆ,
ಈಗ ಅಣೆಕಟ್ಟನ್ನು ಬಳಸಿ,
ನೀರು ಹಿಂದೆ ಸರಿದು ಬಿಟ್ಟುಕೊಟ್ಟ ಕೆಸರಿನ ಅಂಚಿನವರೆಗೆ.

ಸ್ವರ್ಣೆ ಬತ್ತುವುದು ಒಮ್ಮೆಲೇ ಅಲ್ಲ.
ಮೊದಲು ಒಂದು ಬಂಡೆಯ ತಲೆ, ಆಮೇಲೆ ಭುಜ,
ಆಮೇಲೆ ಯಾವುದೋ ಮಳೆಗಾಲದ ಒಂಟಿ ಚಪ್ಪಲಿ.
ಉಡುಪಿಯ ನಲ್ಲಿಗಳಿಗೆ ಎರಡು ದಿನಕ್ಕೊಮ್ಮೆ ನೀರು ಎಂದು
ಪೇಪರಿನಲ್ಲಿ ಬರುವ ಹೊತ್ತಿಗೆ
ಇಲ್ಲಿ ಹಕ್ಕಿಗಳ ಅಂಗಳ ದೊಡ್ಡದಾಗಿರುತ್ತದೆ.

ಸಿಪಿಲೆಗಳು. ಬಾಲ ಕೆಳಗೆ ಮೇಲೆ, ಕೆಳಗೆ ಮೇಲೆ,
ಫಿಸಿಯೋಥೆರಪಿಯ ಹುಡುಗಿ ಲೆಕ್ಕ ಹೇಳಿಸಿದ ಹಾಗೆ.
ನವೆಂಬರಿನಿಂದಲೇ ಇವೆಯಂತೆ. ನಾನು ಕಂಡಾಗಿನಿಂದ
ಒಗೆದು ಒಗೆದು ಬಣ್ಣ ಹೋದ ನೈಟಿಯಂಥ ಮೈ,
ಬೂದಿಯೂ ಅಲ್ಲ, ಹಸಿರೂ ಅಲ್ಲ.
ಹೆಸರು ಕೇಳಬೇಕೆಂದೂ ಅನ್ನಿಸಿರಲಿಲ್ಲ.

ಮಾರ್ಚ್ ಕಳೆಯಿತು. ಒಂದು ಬೆಳಿಗ್ಗೆ
ಒಂದರ ಎದೆಯ ಮೇಲೆ ಅರಸಿನದ ಬೊಟ್ಟು.
ಮರುವಾರ ಗಂಟಲವರೆಗೆ.
ಆಮೇಲೆ ಇಡೀ ಹಿಂಡೇ ಹಳದಿ,
ಕೆಸರಿನ ಮೇಲೆ ಯಾರೋ ಗೇರುಹಣ್ಣು ಚೆಲ್ಲಿದ ಹಾಗೆ.
ಪಕ್ಕದಲ್ಲಿ, ಹೆಸರು ಗೊತ್ತಿಲ್ಲದ ಉದ್ದಕಾಲಿನದಕ್ಕೆ
ಹೊಟ್ಟೆ ಕಪ್ಪಾಗುತ್ತಿದೆ ತೇಪೆ ತೇಪೆಯಾಗಿ,
ಟೈಲರು ಅರ್ಧಕ್ಕೆ ಬಿಟ್ಟ ಕೋಟು.

ನೀರಿನ ಮಟ್ಟ ಬರೆಯುವ ಮಥಾಯಸರಿಗೆ ಹೇಳಿದೆ:
"ನೋಡಿ, ಹೊರಟವು. ತವರಿಗೆ ಹೋಗುವಾಗ
ಹೊಸ ಸೀರೆ ಉಟ್ಟ ಹಾಗೆ."
ಅವರು ಪುಸ್ತಕದಲ್ಲಿ ಮೂರು ಮೀಟರ್ ಅರುವತ್ತು ಎಂದು ಬರೆದು
ಪೆನ್ನಿಗೆ ಮುಚ್ಚಳ ಹಾಕಿ, ನಿಧಾನಕ್ಕೆ ಅಂದರು:
"ಎಂತ ಟೀಚರ್, ಒಳ್ಳೆ ಬಟ್ಟೆ ಹಾಕುವುದು ನೆಂಟರ ಮನೆಗಲ್ಲವಾ?
ಸ್ವಂತ ಮನೆಯಲ್ಲಿ ಯಾರು ಹಾಕ್ತಾರೆ?
ಆರು ತಿಂಗಳು ನಮ್ಮೆದುರು ಹಾಗೇ ಇದ್ದವು, ತಲೆ ಬಾಚದೆ."

ನನಗೆ ಉತ್ತರ ಹೊಳೆಯಲಿಲ್ಲ. ಸೆಕೆ.
ಆಚೆ ದಡದಲ್ಲಿ ಯಾರೋ ದನ ಮೀಯಿಸುತ್ತಿದ್ದರು.

ಮರುದಿನ ಹತ್ತೊಂಬತ್ತು. ಆಮೇಲೆ ಏಳು.
ಹೋಗುವುದು ರಾತ್ರಿಯಂತೆ, ಹಿಮಾಲಯದ ಆಚೆಗಂತೆ,
ಒಂದು ಲಕೋಟೆಯ ತೂಕ ಇಟ್ಟುಕೊಂಡು.
ಕಿಟಕಿ ತೆರೆದು ಕಿವಿಗೊಟ್ಟು ಮಲಗಿದೆ ಒಂದು ರಾತ್ರಿ;
ಪಂಪಿನ ಗುಂಯ್ ಬಿಟ್ಟರೆ ಬೇರೇನೂ ಕೇಳಲಿಲ್ಲ.

ಬಿಸುವಿಗೆ ಇನ್ನು ನಾಲ್ಕು ದಿನ.
ಇವತ್ತು ಕೋಲು ಮನೆಯಲ್ಲೇ ಬಿಟ್ಟು ಬಂದೆ.
ಒಂದು ಉಳಿದಿದೆ. ಅದರ ಎದೆಗೆ ಬಣ್ಣ ಇಳಿಯಲೇ ಇಲ್ಲ,
ಎಡಗಾಲು ತುಸು ಎಳೆಯುತ್ತದೆ,
ಅಥವಾ ನನಗೆ ಹಾಗೆ ಕಾಣುತ್ತದೆ.
ಮಥಾಯಸರು ಮಟ್ಟ ಬರೆದು,
ಷರಾ ಎಂಬ ಖಾಲಿ ಕಾಲಮ್ಮಿನ ಮೇಲೆ ಪೆನ್ನು ಹಿಡಿದು
ನನ್ನ ಮುಖ ನೋಡಿದರು.
ಇದನ್ನೆಲ್ಲ ಆಫೀಸಿನಲ್ಲಿ ಓದುತ್ತಾರಾ, ಕೇಳಿದೆ.
ಯಾರೂ ಇಲ್ಲ, ಅಂದರು.

"ಹಾಗಾದರೆ ಬರೀರಿ: ಒಂದು ಉಂಟು. ಮನೆಬಟ್ಟೆಯಲ್ಲಿ."